ಲಾಗಿನ್ ಪುಟಕ್ಕೊಂದು ಫೋಟೊ

ಅಧ್ಯಕ್ಷ ಪೀಠದಲ್ಲಿರುವ ನರಸಣ್ಣನವರೇ, ಮಸ್ಕಿ, ಲಿಂಗಸುಗೂರುಗಳಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ರಕ್ತದಾನಿ ಬಂಧುಗಳೇ, ಊಟದ ವಾಸನೆ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಸಿಂಧನೂರಿನ ನಮ್ಮ ರಕ್ತದಾನಿಗಳ ಬಳಗದ ಕಾರ್ಯದರ್ಶಿಯಾಗಿ, ಇಂದು ಸನ್ಮಾನ ಪಡೆಯುವ ಅಂಜಲಿಯ ಬಗ್ಗೆ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಜೀವನವಿಡೀ ಶಾಲೆಯಲ್ಲಿ ಪಾಠ ಮಾಡಿದ ನನ್ನಂಥವಳಿಗೆ ನಾಲ್ಕೇ ಮಾತು ಎಂದರೆ ಹೇಗೆ? ಅಂಜಲಿ ಮಸ್ಕಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಮ್ಮ ವೆಬ್‌ಸೈಟ್ ಕಟ್ಟಿದವಳೂ ಆಕೆಯೇ. ದಾನಿಗಳ ಹೆಸರು, ಫೋನ್ ನಂಬರು, ರಕ್ತದ ಗುಂಪು ಎಲ್ಲ ಅದರ ಅಡ್ಮಿನ್ ವಿಭಾಗದಲ್ಲಿವೆ. ಲಾಗಿನ್ ಆದರೆ ಮಾತ್ರ ಕಾಣುತ್ತವೆ.

ಆ ಲಾಗಿನ್ ಪುಟ ತೀರಾ ಬೋಳಾಗಿದೆ ಎಂದು ನಮ್ಮ ಸಮಿತಿಗೆ ಅನ್ನಿಸಿತು. ನಾಮಕರಣಕ್ಕೂ ಫ್ಲೆಕ್ಸ್ ಕಟ್ಟುವ ಜನ ನಾವು, ಇದಕ್ಕೆ ಪದಾಧಿಕಾರಿಗಳ ಫೋಟೊ ಬೇಡವೇ? ನರಸಣ್ಣನವರದು ದೊಡ್ಡದು, ನಮ್ಮವು ಸುತ್ತಲೂ ಸಣ್ಣವು. ಅಂಜಲಿ ಬೇಡವೆಂದಳು, ನಾವು ಬಿಡಲಿಲ್ಲ. ಪಾಪ, ಫೋಟೊಗಳ ಹೊಸ ಪುಟವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಿದಳು. ಇನ್ನು ಮೇಲೆ ಅದನ್ನೇ ತೋರಿಸು ಎಂದು ಸೈಟಿಗೆ ಒಂದು ಸಾಲು ಬರೆದಳು. ಸಾಲು ಸೈಟು ನಡೆಯುವ ಸರ್ವರ್ ಕಂಪ್ಯೂಟರಿಗೆ ಹೋಯಿತು. ಪುಟವಿದ್ದ ಫೋಲ್ಡರ್ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಇಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯಾಯಿತು, ರಕ್ತಸ್ರಾವ ನಿಲ್ಲಲಿಲ್ಲ. ಆಕೆಯದು ಓ ನೆಗೆಟಿವ್. ರಕ್ತನಿಧಿಯಲ್ಲಿ ಆ ರಕ್ತ ಇರಲಿಲ್ಲ. ನಾನು ವರಾಂಡದಲ್ಲಿ ನಿಂತು ಮೊಬೈಲಿನಲ್ಲಿ ಸೈಟು ತೆರೆದರೆ, ಟೆಂಪ್ಲೇಟ್ ಇಲ್ಲ ಎಂಬ ಇಂಗ್ಲಿಷ್ ಪುಟ. ಟೆಂಪ್ಲೇಟ್ ಎಂದರೆ ಪುಟದ ಅಚ್ಚು ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಒಂದೇ, ನಮ್ಮ ದಾನಿಗಳೆಲ್ಲ ಅಳಿಸಿಹೋದರು! ಅಂಜಲಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆಕೆ ತಾನೂ ಆ ಪುಟ ತೆರೆದು ನೋಡಿದಳು.

"ಅಕ್ಕಾರ, ಹೆಸರು ಇಲ್ಲ ಅನ್ನಾಕತ್ತಿಲ್ರೀ ಅದು. ಅಚ್ಚು ಎಲ್ಲೆಲ್ಲಿ ಹುಡುಕೀನಿ ಅಂತ ಹೇಳಾಕತ್ತೈತಿ," ಎಂದಳು.

ಸಭಿಕರೇ, ಬೆರಗೆಂದರೆ ಇದು. ಕಳೆದ ವಸ್ತುವನ್ನು ನಾವು ಹೇಗೆ ಹುಡುಕುತ್ತೇವೆ? ಒಂದು ಟ್ರಂಕು ತೆರೆದು ನೋಡಿ, ಮನೆಯೆಲ್ಲ ಜಾಲಾಡಿದೆ ಎನ್ನುತ್ತೇವೆ. ಆ ಪುಟ ಹಾಗಲ್ಲ. ಈ ಫೋಲ್ಡರಿನಲ್ಲಿ ನೋಡಿದೆ, ಇಲ್ಲ. ಆ ಫೋಲ್ಡರಿನಲ್ಲಿ ನೋಡಿದೆ, ಅಲ್ಲೂ ಇಲ್ಲ ಎಂದು ಸಾಲುಸಾಲಾಗಿ ಹೇಳುತ್ತಿತ್ತು. ಸೋತದ್ದನ್ನು ಇಷ್ಟು ನೇರವಾಗಿ ಹೇಳುವ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ನಾನು ಕಿರುಚುತ್ತಿದ್ದೆ, ಅಂಜಲಿ ಅದನ್ನು ಕೊನೆಯ ಸಾಲಿನವರೆಗೂ ಓದಿದಳು. ಲ್ಯಾಪ್‌ಟಾಪ್ ಮನೆಯಲ್ಲಿತ್ತು, ಆಕೆ ಕ್ಲಾಸಿನಲ್ಲಿದ್ದಳು. ಅಲ್ಲಿನ ಕಂಪ್ಯೂಟರಿನಿಂದಲೇ ಸರ್ವರ್ ಒಳಗೆ ಹೋಗಿ, ಫೋಟೊ ಪುಟ ಕೇಳುತ್ತಿದ್ದ ಆ ಒಂದು ಸಾಲನ್ನು ಅಳಿಸಿ, ಸೈಟನ್ನು ಮತ್ತೆ ಶುರು ಮಾಡಿದಳು. ನಾನು ಮೊಬೈಲಿನಲ್ಲಿ ಮತ್ತೆ ಸೈಟು ಒತ್ತಿದೆ. ಹಳೆಯ ಬೋಳು ಪುಟ ಬಂತು! ಸೈಟಿನ ಜೊತೆಗೇ ಬರುವ ಅಚ್ಚಂತೆ ಅದು, ಯಾವತ್ತೂ ಅಲ್ಲೇ ಇತ್ತಂತೆ. ಒಳಗೆ ಒಂದು ಹೆಸರೂ ಅಳಿದಿರಲಿಲ್ಲ.

ಪಟ್ಟಿಯಲ್ಲಿ ಓ ನೆಗೆಟಿವ್ ಹುಡುಕಿ ಫೋನ್ ಮಾಡಿದೆ. ಬಳಗಾನೂರಿನ ದುರುಗಪ್ಪ ನಾಟಿ ಮಾಡುತ್ತಿದ್ದ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ರಕ್ತ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ನನ್ನ ಮಗಳು ಕಣ್ಣು ಬಿಟ್ಟಳು.

ಹೌದು, ನನ್ನ ಮಗಳೇ. ಹೇಳಬಾರದೆಂದು ಬಂದಿದ್ದೆ, ಬಾಯಿಂದ ಬಂದುಬಿಟ್ಟಿತು. ಲಿಂಗಸುಗೂರಿಗೆ ಕೊಟ್ಟ ನನ್ನ ಲಕ್ಷ್ಮಿದೇವಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಂಜಲಿಗೂ ಇದು ಈಗಲೇ ಗೊತ್ತಾಗುತ್ತಿರುವುದು. ನನ್ನ ಮಗಳೆಂದರೆ ಆಕೆ ಗಾಬರಿಯಲ್ಲಿ ಏನಾದರೂ ತಪ್ಪು ಮಾಡಿಯಾಳೆಂದು ಅವತ್ತು ಯಾರೋ ಎಂದಿದ್ದೆ. ಯಾರೋ ಎಂದರೆ ಕ್ಲಾಸ್ ಮುಗಿಸಿ ನೋಡುತ್ತಾಳೇನೋ ಎಂಬ ಭಯವೂ ಇತ್ತು. ಆಕೆ ಕೇಳಿದ್ದು ಯಾವ ಗುಂಪು, ಯಾವ ಆಸ್ಪತ್ರೆ, ಅಷ್ಟೇ. ಯಾರ ಮಗಳು ಎಂದು ಕೇಳಲೇ ಇಲ್ಲ.

ಅಂಜಲಿ, ಒಂದೀಟು ಎದ್ದು ನಿಂದ್ರವ್ವಾ. ಲಕ್ಷ್ಮಿ ಕೂಸು ಎತ್ಕೊಂಡು ಹಿಂದಿನ ಸಾಲಿನ್ಯಾಗ ಕುಂತಾಳ. ನಿನ್ನ ಮಾರಿ ನೋಡಬೇಕಂತ.

ಇಷ್ಟು ಹೊತ್ತು ನನ್ನ ಮಾತು ಸಹಿಸಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.