ಜೇವರ್ಗಿಯ ಜಾಜ್ ಉಸ್ತಾದ್

‘ಧರ್ಮಾ ಬಂದಾನೇನ್ರಿ?’

ಇದೇ ಆಕಿ ಕಡೀ ಮಾತು. ನೀ ಕೇಳ್ದಿ, ನಾ ಹೇಳ್ದೆ. ನೀರು ಬೇಡಲಿಲ್ಲ. ಆಳಂದದಾಗಿನ ತಮ್ಮನ್ನ ಕೇಳಲಿಲ್ಲ. ಕಲ್ಮಾ ನಾನೇ ಕಿವ್ಯಾಗ ಹೇಳ್ದೆ. ಆಕಿ ಕೇಳಿದ್ದು ನಿನ್ನ. ಗೊಬ್ಬೂರ ರೇವಣಪ್ಪನ ಮಗ ಧರ್ಮರಾಜನ್ನ.

ಯಾಕ?

ತಲಿ ಬಗ್ಗಿಸಬ್ಯಾಡ, ನಾ ಕೇಳಾಕತ್ತೇನಿ. ಇಷ್ಟು ವರ್ಷ ನನ್ನ ಕೂಡ ಬಾಳ್ವಿ ಮಾಡಿದ ಹೆಂಗಸು. ಹುಸೇನಸಾಬನ ಹೇಣ್ತಿ ಖುರ್ಷಿದಬೇಗಂ. ಪರಗಂಡಸರ ಮುಂದ ಸೆರಗು ಜಾರಿಸಿದಾಕಿ ಅಲ್ಲ. ಸಾಯೋ ಹೊತ್ತಿನ್ಯಾಗ ಗಂಡನ ಶಾಗಿರ್ದನ ಹೆಸರು ಯಾಕ ತಗೋತಾಳ?

ಹಾಂ... ಅವತ್ತು ಬುಧವಾರ, ನಿನ್ನ ಪಾಠದ ದಿನ, ಅದಕ್ಕ ಕೇಳಿರಬೇಕು ಅಂತೀ. ಬುಧವಾರ ಖರೇ. ಮಟಕಿ ಊರಿನ ಶಾರುಖನೂ ಪಾಠಕ್ಕ ಬುಧವಾರನೇ ಬರ್ತಾನ. ಎರಡು ಬಸ್ ಬದಲಿಸಿ ಬರ್ತಾನ ಪಾಪ. ಅವನ್ನ್ಯಾಕ ಕೇಳಲಿಲ್ಲ?

ಚಾ ಕುಡಿ. ಆರಾಕತ್ತದ.

ಯಾಕ ನಗ್ತಿ?... ಸಕ್ಕರಿ ಇಲ್ಲೇನು? ಹಾಕಿದ್ದೆನಲ್ಲ... ಇಲ್ಲ, ಹಾಕಿಲ್ಲ. ಸಕ್ಕರಿ ಡಬ್ಬಿ ಎಲ್ಲಿಟ್ಟಾಳಂತ ನನಗೇ ಗೊತ್ತಿಲ್ಲ. ಅಲ್ಲೇ ಎಲ್ಲೋ ಅದ. ಇರ್ಲಿ, ಹಂಗೇ ಕುಡಿ.

ನನ್ನ ಶಾಲು ಯಾಕ ನೋಡಾಕತ್ತಿ? ಥಂಡಿ ಅದ. ಒಬ್ಬೊಬ್ಬರಿಗೆ ಬ್ಯಾಸಗ್ಯಾಗೂ ಥಂಡಿ ಹತ್ತತದ. ವಯಸ್ಸಾದ ಮ್ಯಾಲ ನಿನಗೂ ಗೊತ್ತಾಗ್ತದ.

ಮತ್ತ ಅದನ್ನೇ ಕೇಳ್ದಿ. ಕ್ಲಾಸ ಯಾವಾಗ ಚಾಲೂ ಮಾಡ್ತೀರಿ ಉಸ್ತಾದ್, ಕ್ಲಾಸ ಯಾವಾಗ ಚಾಲೂ ಮಾಡ್ತೀರಿ. ಚಾಲೀಸ್ವಾ ಆಗ್ಲಿ ಅಂದೆ. ಆತು ಅಂತೀ. ಹೌದು, ನಲವತ್ತು ದಿನದ ಫಾತೆಹಾ ಆತು. ಆದ್ರ ದುಃಖಕ್ಕ ಕ್ಯಾಲೆಂಡರ್ ಇರ್ತದೇನು? ಖರೇ ಹೇಳು, ಯಾರು ಕಳಿಸ್ಯಾರ ನಿನ್ನ? ಮುಜೀಬ ಕಳಿಸ್ಯಾನ? ‘ಹೋಗಿ ನೋಡ್ಕೊಂಡು ಬಾ, ಮುದುಕನ ಕೈಯಾಗ ಇನ್ನ ಏನರ ಉಳದದೇನು’ ಅಂತ? ನಿಮ್ಮ ಗೊಬ್ಬೂರಿಗೆ ಅಫಜಲಪುರ ಏನು ದೂರ. ಆಂವ ಅಲ್ಲಿ ಜಾಜ್ ಕ್ಲಾಸ ತೆಗದಾನ. ಬೋರ್ಡ್ ಹಚ್ಚ್ಯಾನ.

ಆಣಿ ಮಾಡಬ್ಯಾಡ. ಆಣಿ ಮಾಡಾವ್ರನ್ನ ಭಾಳ ನೋಡೇನಿ.

ಜಾಜ್ ಅಂದ್ರ ಏನು ಅಂತ ಮುಜೀಬಗ ಕೇಳು. ಡ್ರಮ್ ಸೆಟ್ಟಿಗೆ ಕೈ ಮಾಡಿ ತೋರಿಸ್ತಾನ. ನಮ್ಮ ಕಡಿ ಎಲ್ಲಾರೂ ಆ ಸೆಟ್ಟಿಗೇ ಜಾಜ್ ಅಂತಾರ. ನಾಟಕ ಕಂಪನ್ಯಾಗ ಸೇರಿದಾಗ ನಾನೂ ಹಂಗೇ ತಿಳ್ಕೊಂಡಿದ್ದೆ. ಸೊಲ್ಲಾಪುರದಾಗ ಒಬ್ಬ ಗೋವಾದಾಂವ ಸಿಕ್ಕ. ಮುಂಬೈ ಹೋಟೆಲಿನ್ಯಾಗ ಬಾರಿಸಿದಾಂವ. ‘ಜಾಜ್ ಅಂದ್ರ ಈ ಡಬ್ಬಿ ಅಲ್ಲೋ ಹುಸೇನ್, ಬಾರಿಸೋ ರೀತಿ’ ಅಂದ. ಒಂದು ಮಳಿಗಾಲ ಪೂರ್ತಿ ಅವನ ಹಿಂದ ತಿರುಗಿದೆ. ಅವನ ಬಟ್ಟಿ ಒಗದೆ.

ಗೊತ್ತದ ಅಂತೀ. ಸಾವಿರ ಸಲ ಹೇಳೇನಿ. ಇನ್ನೊಮ್ಮೆ ಕೇಳು.

ಬ್ಯಾಂಡಿನವರೆಲ್ಲ ಮೊದಲ ಪೆಟ್ಟು ಜೋರ್ ಹಾಕ್ತಾರ. ನಾ ಅದನ್ನ ಬಿಟ್ಟೆ. ಖಾಲಿ ಇಟ್ಟೆ. ಮೆರವಣಿಗ್ಯಾಗ ಕುಣಿಯೋರ ಕಾಲು ತಾವೇ ಬಂದು ಅಲ್ಲಿ ಬಿದ್ದವು. ಎಡಗಡಿ ಹಲಗಿ ಕಾಸಿ ಕಟ್ಟಿದೆ. ಜಾಜ್ ಸೆಟ್ಟಿಗೆ ಹಲಗಿ ಕಟ್ಟಿದ್ದಕ್ಕ ಕಂಪನಿ ಮಾಲಕ ಬೈದ. ಜನ ಸೀಟಿ ಹೊಡದ ಮ್ಯಾಲ ಸುಮ್ಮನಾದ. ಪೆಡಲ್ ಮುರದಾಗ ಆಕಿ ಹೊಲಿಗಿ ಮಷಿನಿನ ತುಳಿಯೋ ಪಟ್ಟಿ ಕಿತ್ತು ಹಚ್ಚಿದೆ. ‘ನನ್ನ ಮಷಿನಿನ ಕಾಲು ಕಿತ್ತೀರಿ, ಇನ್ನ ನಿಮ್ಮ ಹೊಟ್ಟಿಗೂ ಡ್ರಮ್ಮೇ ಹಾಕ್ಲಿ’ ಅಂದ್ಲು. ಎರಡು ದಿನ ಮಾತಾಡಲಿಲ್ಲ. ಹೊಸ ಪಟ್ಟಿ ತಂದು ಕೊಟ್ಟ ಮ್ಯಾಲ ರೊಟ್ಟಿ ಸಿಕ್ತು.

ಅಲ್ಲೇನು ನೋಡ್ತಿ? ಪರದೆ ಸುದ್ದಿ ತೆಗೀಬ್ಯಾಡ... ತೆಗದಿಲ್ಲ, ಸರಿ. ಕಣ್ಣು ಆ ಕಡೀನೇ ಹೋತಲ್ಲ. ಅದು ಹ್ಯಾಂಗ ಬಂತು ಅಂತ ಊರಿಗೇ ಗೊತ್ತದ. ನನಗ ಲಕ್ವಾ ಹೊಡೀತು. ಸೊಲ್ಲಾಪುರದಾಗ ಔಷಧ ಮಾಡಿಸಿದೆ. ಆರಾಮಾದೆ. ಪೂರ್ತಿ ಆರಾಮಾದೆ. ಬಂದ ಮ್ಯಾಲ ನಡುಮನಿ ಬಾಗಲಿಗೆ ಪರದೆ ಕಟ್ಟಿಸಿದೆ. ನಾ ಒಳಗ, ನೀವು ಪಡಸಾಲ್ಯಾಗ. ಕೈ ನೋಡಿ ಕಲ್ತಾಂವ ಮಂಗ್ಯಾ ಆಗ್ತಾನ, ಕಿವಿಲಿಂದ ಕಲ್ತಾಂವ ಉಸ್ತಾದ್ ಆಗ್ತಾನ ಅಂದೆ. ನೀವೆಲ್ಲ ಹೂಂ ಅಂದ್ರಿ. ಪಾಠದ ಹೊತ್ತಿನ್ಯಾಗ ಒಳಗ ಹೆಣ್ಣುಮಗಳು ಇರ್ತಾಳ, ಯಾರೂ ಪರದೆ ಸರಿಸಬ್ಯಾಡ್ರಿ ಅಂತನೂ ಅಂದೆ. ಅದಕ್ಕೂ ಹೂಂ ಅಂದ್ರಿ. ಹೊಸ ರೀತಿ ಅಂತ ಹೆಸರಾತು. ಕಲಬುರಗಿಯಿಂದ ಪೇಪರಿನವರು ಬಂದು ಫೋಟೋ ಹೊಡಕೊಂಡು ಹೋದ್ರು. ಪರದೆದು ಫೋಟೋ. ಮುಜೀಬ ಏನ್ ಮಾಡ್ದ? ಆಂವನೂ ಒಂದು ಪರದೆ ಕಟ್ದ. ಹಸಿರುದು. ಅದರ ಹಿಂದ ಕುಂತು ಆಂವ ಬಾರಿಸೋದು ಕೇಳಿದ್ರ, ಆ ಪರದೆಗೇ ನಾಚಿಕಿ ಬರಬೇಕು.

ನಗು, ನಗು. ಮುಜೀಬನ ಮಾತಿಗೆ ನಗಬಹುದು.

ನೀ ಒಮ್ಮೆ ಅಂದಿದ್ದಿ. ನೆನಪದೇನು? ‘ಲಕ್ವಾ ಆದ ಮ್ಯಾಲ ನಿಮ್ಮ ಕೈ ಇನ್ನೂ ಹಗೂರಾಗ್ಯದ ಉಸ್ತಾದ್. ಮೊದಲು ಜೋರ್ ಇತ್ತು, ಈಗ ಉಸುರಾಡಾಕತ್ತದ.’ ನಾ ಹಾಂ ಅಂದೆ. ಅಲ್ಲಾನ ದಯಾ ಅಂದೆ.

ಅವತ್ತಿನಿಂದ ನೋಡು ನೀ ಸುರು ಮಾಡಿದ್ದು. ಶಾರುಖ ಪಾಠ ಒಪ್ಪಿಸ್ತಿದ್ದ, ಬಸ್ ಹಿಡೀತಿದ್ದ. ನೀ ಕಡೀಕ ಉಳೀತಿದ್ದಿ. ಒಂದು ತುಂಡು ಬಾರಿಸಿ ಸುಮ್ಮ ಕುಂಡ್ರಾಂವ. ಒಳಗಿಂದ ಅದಕ್ಕ ಜವಾಬು ಬರೋದು. ಮತ್ತ ನೀ, ಮತ್ತ ಜವಾಬು. ಪಾಠನೂ ಅಲ್ಲ ಏನೂ ಅಲ್ಲ. ಇಬ್ಬರು ಕಟ್ಟಿ ಮ್ಯಾಲ ಕುಂತು ಹರಟಿ ಹೊಡದಂಗ. ಒಮ್ಮೊಮ್ಮೆ ಜವಾಬು ಕೊಡೂಮುಂದ ನಗು ಬಂದು ಕೈ ತಪ್ಪತಿತ್ತು...

ನನಗ. ನನಗ ನಗು ಬರ್ತಿತ್ತು. ಮತ್ಯಾರಿಗೆ?

ಏನು? ಬಳಿ ಸಪ್ಪಳ? ಯಾವಾಗ ಕೇಳ್ದಿ? ಸುಳ್ಳು. ಶುದ್ಧ ಸುಳ್ಳು. ಬಳಿ ತೆಗದಿಟ್ಟೇ ಕುಂಡ್ರತಿದ್ಲು...

ರೊಟ್ಟಿ ಬಡಿಯೂಮುಂದ ಅಂದೆ. ರೊಟ್ಟಿ ಬಡಿಯೂಮುಂದ ಬಳಿ ತೆಗದಿಡ್ತಿದ್ಲು.

ಹೌದು. ಯಾರೂ ತೆಗಿಯಂಗಿಲ್ಲ. ನಿಮ್ಮವ್ವ ಗುರಮ್ಮನೂ ತೆಗಿಯಂಗಿಲ್ಲ. ನಮ್ಮಾಕಿ ತೆಗೀತಿದ್ಲು. ಒಬ್ಬೊಬ್ಬರ ಪದ್ಧತಿ ಒಂದೊಂದು.

ಮಾತಾಡು.

ಮಾತಾಡು ಲೇ ಧರ್ಮಾ. ಬಂದಾಗಿಂದ ನಾನೇ ಒದರಾಕತ್ತೇನಿ. ನಾ ಮಾತು ಕಮ್ಮಿ ಆಡಾಂವ, ನಿನಗ ಗೊತ್ತದ. ನೀ ಸುಮ್ಮ ಕುಂತಷ್ಟು ನನ್ನ ಬಾಯಿ ಹರ್ಯಾಕತ್ತದ. ಇದೂ ಮುಜೀಬ ಕಲಿಸಿದ್ದೇನು?

ಆ ಚೀಲದಾಗ ಏನದ? ಕೋಲು? ನಾ ಬಾರಿಸಬೇಕು? ಈಗ? ಬ್ಯಾಡ. ಮನಿ ಇನ್ನ ಸೂತಕದಂಗೇ ಅದ, ಓಣಿಯವರು ಏನಂತಾರ? ಇಡು, ಇಲ್ಲೇ ಇಡು. ಹಗೂರ ಬಾರಿಸು ಅಂದ್ರ ಬಾರಿಸೇನು. ಕೈ ಏನೂ...

ಇದೇನು, ಒಂದೇ ಕೋಲು ಕೊಟ್ಟಿ?

ಇನ್ನೊಂದು ನಿನ್ನ ಕೈಯಾಗೇ ಅದಲ್ಲ. ಕೊಡು ಅದನ್ನ. ಜಾಜ್ ಬಾರಿಸಾಕ ಎರಡು ಬೇಕು... ಬಲಗಡಿಗೇ ಯಾಕ ಇಟ್ಟಿ?

ಒಂದೇ ಯಾಕ ಕೊಟ್ಟಿ ಧರ್ಮಾ?

...

ಯಾವಾಗಿಂದ?

ಮೊದಲಿಂದ್ಲೇನು?... ಶಾರುಖಗೂ ಗೊತ್ತು? ಕಣ್ಣು ಮ್ಯಾಲೆತ್ತು. ಎಲ್ಲಾರಿಗೂ ಗೊತ್ತಿತ್ತು?

ಹೋಗೂಮುಂದ ಪರದೆಗೆ ಸಲಾಂ ಮಾಡ್ತಿದ್ರಿ. ಒಬ್ಬರಾದ ಮ್ಯಾಲ ಒಬ್ಬರು. ಒಳಗ ಕುಂತು ನಾ ಜವಾಬು ಕೊಡ್ತಿದ್ದೆ, ವಾಲೇಕುಂ ಸಲಾಂ ಅಂತ. ಅದು ನನಗಲ್ಲ... ಬ್ಯಾಡ, ಹೇಳಬ್ಯಾಡ. ಸುಮ್ಮನೇ ಇರು.

ಶಾಲು ತೆಗೀತೇನಿ. ನೋಡು. ಇದು ಎಡಗೈ. ಲಕ್ವಾ ಹೊಡದಾಗಿಂದ ಹಿಂಗೇ ಅದ. ಒಂದು ಪೆಟ್ಟೂ ಹಾಕಿಲ್ಲ.

ನಾ ಕಲಿಸ್ದೆ ಆಕಿಗೆ. ಅಷ್ಟರ ತಿಳ್ಕೊ. ನನ್ನ ವಿದ್ಯಾನೇ ಅದು...

ಹಂಗ ನೋಡಬ್ಯಾಡ. ಕಲಿಸಿಲ್ಲ. ಸೊಲ್ಲಾಪುರದಿಂದ ಬಂದು ಸೆಟ್ಟಿನ ಮುಂದ ಕುಂತು ಅಳಾಕತ್ತಿದ್ದೆ. ‘ಆ ಕಡಿ ಸರೀರಿ’ ಅಂದ್ಲು. ಬಳಿ ತೆಗದು ಸೆರಗಿನ್ಯಾಗ ಕಟ್ಟಿದ್ಲು. ಕುಂತ್ಲು, ಬಾರಿಸಿದ್ಲು. ಮೊದಲ ಪೆಟ್ಟು ಬಿಟ್ಟೇ ಬಾರಿಸಿದ್ಲು. ನಾ ಮನ್ಯಾಗ ತಾಲೀಮು ಮಾಡೂಮುಂದ ಆಕಿ ಮಗ್ಗಲಾಗ ಮಷಿನ್ ತುಳೀತಿದ್ಲು. ಅಷ್ಟೇ ನನಗ ಗೊತ್ತಿದ್ದದ್ದು. ಕಲ್ತದ್ದು ಹ್ಯಾಂಗ ಅಂತ ಒಮ್ಮೆನೂ ಕೇಳಲಿಲ್ಲ ನಾ. ‘ಯಾರಿಗೂ ಗೊತ್ತಾಗಬಾರದು’ ಅಂದೆ. ಆಕಿ ಬಾರಿಸಿದ್ದು ಛೊಲೊ ಅದ ಅಂತ ಅನ್ನೋಕ್ಕಿಂತ ಮೊದಲು ಅದನ್ನ ಅಂದೆ.

ಆ ಬುಧವಾರ ನೀ ಬಂದಿದ್ದಿ. ನನಗ ಗೊತ್ತದ. ಗಾಡಿ ಸಪ್ಪಳ ಆತು. ಆ ಸಪ್ಪಳ ಕೇಳೇ ಆಕಿ ಕಣ್ಣು ತೆರದ್ಲು. ‘ಧರ್ಮಾ ಬಂದಾನೇನ್ರಿ?’ ನಾ ಇಲ್ಲ ಅಂದೆ. ನೀ ಕದ ಬಡದಿ. ತೆಗೀಲಿಲ್ಲ. ಒಳಗ ಕರದ್ರ ನಿನ್ನ ಮುಂದ ಏನಂತಾಳೋ. ‘ಅದು ನಾನಪ್ಪಾ’ ಅಂದುಬಿಟ್ಟಾಳು ಅಂತ. ಹೋಗೋ ಜೀವ, ಅದಕ್ಕ ಯಾರ ಅಂಜಿಕಿ? ನೀ ಹೊರಗ ಕಟ್ಟಿ ಮ್ಯಾಲ ಕುಂತಿ. ದೀಪ ಹಚ್ಚೋದ್ರಾಗ ಆಕಿ ಹೋದ್ಲು.

ಏಳಬ್ಯಾಡ. ಕುಂಡ್ರು. ಏನರ ಅನ್ನು, ಬೈ ನನಗ. ಅನ್ನಂಗಿಲ್ಲ? ಹಂಗಾದ್ರ ಇದನ್ನೂ ಕೇಳ್ಕೊಂಡು ಹೋಗು.

ಮರುದಿನ ಮುಂಜಾನಿ. ಆಳಂದದಿಂದ ಆಕಿ ತಮ್ಮ ಇನ್ನ ಬಂದಿದ್ದಿಲ್ಲ. ಹೆಂಗಸರು ಅಂಗಳದಾಗ ಮೈ ತೊಳಿಯಾಕ ನೀರು ಕಾಸಾಕತ್ತಿದ್ರು. ಸುಲ್ತಾನಬಿಗೆ ಹೇಳಿ ಕಳಿಸಿದ್ರು. ನಮ್ಮ ಓಣ್ಯಾಗ ಹೆಣ್ಣುಮಕ್ಕಳ ಮಯ್ಯತ್ತು ತೊಳಿಯಾಕಿ ಆಕೀನೇ. ಆಕಿ ಗಂಡ ಬ್ಯಾಂಡಿನ್ಯಾಗ ತಾಶಾ ಬಾರಿಸಿ ಸತ್ತಾಂವ. ಕೋಲು ಹಿಡಿಯೋ ಕೈ ಹ್ಯಾಂಗಿರ್ತದ ಅಂತ ಸುಲ್ತಾನಬಿಗೆ ಯಾರೂ ಹೇಳಬೇಕಾಗಿಲ್ಲ. ತೋರಬೆರಳಿನ ಮಗ್ಗಲಿಗೆ, ಹೆಬ್ಬೆರಳಿನ ಬುಡಕ್ಕ ತೊಗಲು ಗಟ್ಟಿಯಾಗ್ತದ, ಹುಣಸಿ ಬೀಜದಂಗ. ನಿನಗೂ ಅದ. ಖುರ್ಷಿದಗ ಎರಡೂ ಕೈಗೆ ಇತ್ತು. ನನ್ನ ಕೈಯಾಂದು ಯಾವಾಗೋ ಕರಗಿ ಹೋಗ್ಯದ.

‘ಒಂದೀಟು ಒಬ್ಬನೇ ಕುಂಡ್ರತೇನಿ’ ಅಂದೆ. ಪಾಪ ಅಂತ ಎಲ್ಲಾರೂ ಹೊರಗ ಹೋದ್ರು. ಜೀವ ಹೋದ ಮ್ಯಾಲ ಗಂಡ ಹೇಣ್ತಿನ್ನ ನೋಡಬಹುದು, ಮುಟ್ಟಬಾರದು. ನಮ್ಮ ಕಡಿ ಹಂಗ ಪದ್ಧತಿ ಅದ. ಕದ ಹಾಕ್ದೆ. ದಾಡಿ ಬ್ಲೇಡ್ ತಗೊಂಡೆ. ಆಕಿ ಕೈ ಹಿಡಕೋಬೇಕಂದ್ರ ನನಗ ಇನ್ನೊಂದು ಕೈ ಇಲ್ಲ. ನನ್ನ ಮೊಣಕಾಲ ಕೆಳಗ ಇಟ್ಟು ಒತ್ತಿ ಹಿಡದೆ. ಮೊದಲು ಬಲಗೈ. ಆಮ್ಯಾಗ ಎಡಗೈ. ಆ ಗಟ್ಟಿ ತೊಗಲು ಒಂದೊಂದೇ ಕೆತ್ತಿ ತೆಗದೆ. ರಕ್ತ ಬರಲಿಲ್ಲ. ಕೊಬ್ಬರಿಎಣ್ಣಿ ಹಚ್ಚಿ ತಿಕ್ಕಿದೆ, ನುಣ್ಣಗಾಗೋ ತನಕ ತಿಕ್ಕಿದೆ. ಸುಲ್ತಾನಬಿ ಬರೋದ್ರಾಗ, ಧರ್ಮಾ, ಆಕಿ ಎರಡೂ ಕೈ ಜೀವನದಾಗ ಏನೂ ಮಾಡದ ಹೆಂಗಸಿನ ಕೈ ಆಗಿದ್ದವು.