ಸೂರಿನ ಕಿಂಡಿ

ದರ್ಜಿ ಹೆಂಗಸಿಗೆ ಗಿರಾಕಿಗಳ ಅಳತೆಗೆ ಕತ್ತರಿಸಿದ ಕಾಗದಗಳನ್ನಿಡಲು ಅಟ್ಟ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ಅವಳೂ ಅವಳ ಬಡಗಿ ಅಣ್ಣನೂ ನನ್ನ ಮುಂದೆ ನಿಂತಿದ್ದರು. ಅಣ್ಣನ ಕೈಯಲ್ಲಿ ಕಿಂಡಿಗೆ ಬಡಿಯುವ ಜಾಲರಿಯಿತ್ತು.

“ಬಿಸಿಲು ಇಳೀಬಾರ್ದು ಅಂತ ಅಟ್ಟಕ್ಕೆ ಗಾಜಿನ ಹತ್ತಿ, ಅದೇ ಗ್ಲಾಸ್ ವುಲ್, ಹಾಸಿದ್ದು ತಪ್ಪಾ?” ಅಂದ ಅಣ್ಣ.

“ಹಾಸಿದ್ದು ಬೇಡ ಅಂದ್ನಾ? ಮಿಕ್ಕಿದ್ದನ್ನ ಸೂರಿನ ಕಿಂಡಿಗೆಲ್ಲ ಯಾಕೆ ತುರುಕಿದೆ?”

“ಬಿಸಾಕೋಕೆ ಮನಸ್ಸು ಬರ್ಲಿಲ್ಲ.”

“ಬಚ್ಚಲಿನ ಹಬೆ ಅಟ್ಟಕ್ಕೆ ಬಂದು ಆ ಕಿಂಡೀಲೇ ಹೊರಗೆ ಹೋಗ್ತಿತ್ತು, ನೀನು ತುರುಕಿದ್ಮೇಲೆ ಒಳಗೇ ನಿಂತ್ಬಿಡ್ತು. ಹಬೆ ಕೊಳವೇನ ಅಟ್ಟಕ್ಕೆ ಬಿಟ್ಟೋನೂ ನೀನೇ.”

“ಕಾಗದಕ್ಕೆ ಬೂಷ್ಟು ಹಿಡಿದಾಗ್ಲೇ ನೀನು ನೋಡ್ಬೇಕಿತ್ತು.”

“ಹೇಗೆ ನೋಡ್ಲಿ ಮಾರಾಯ? ಅತ್ತಿಗೆ ಬಾಣಂತನಕ್ಕೆ ಎರಡು ತಿಂಗಳು ನಿನ್ನ ಮನೇಲೇ ಇದ್ನಲ್ಲ!”

ಅಣ್ಣ ಜಾಲರಿಯನ್ನು ಸುತ್ತಿದ, ಬಿಚ್ಚಿದ.

“ಹಾಳಾಗಿದ್ದು ಗಿರಾಕಿಗಳ ಅಳತೆ ಕಾಗದ ತಾನೇ. ಮತ್ತೆ ಕತ್ತರಿಸ್ಕೋ.”

“ಯಾರನ್ನ ಅಳೆದು? ಹಳೇ ಅಳತೆ ಇದೆ ಅಂತ್ಲೇ ಅವರು ನನ್ನ ಹತ್ರ ಬರ್ತಿದ್ದಿದ್ದು. ಇನ್ನೊಂದ್ಸಲ ಅಳೆಸ್ಕೊಳೋದಾದ್ರೆ ರಸ್ತೆ ಮೂಲೆ ದರ್ಜಿ ಏನು ಕಡಿಮೆ?”

ಸರದಿ ಬಂತು. ಜಾಲರಿ ಕಟ್ಟಿಸಿಕೊಂಡು ಇಬ್ಬರೂ ಮೆಟ್ಟಿಲಿಳಿದರು. ಬೂಷ್ಟಿಗೆ ಒಟ್ಟು ಎಷ್ಟು ಹೋಯಿತೆಂದು ಅಣ್ಣ ಆಗ ಕೇಳಿದ.

“ಅಳತೆ ಕಾಗದ ಇನ್ನೂರ ಅರವತ್ತು. ಗಿರಾಕಿಗಳು ಮೂವತ್ತೊಂದು ಜನ, ಇವತ್ತಿನವರೆಗೆ.”