ಯುಖಿಮನ ಕಿಟಕಿ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು ಓದಾರ್ಕಾ. ಈಸ್ಟರ್ ಜಾಗರಣೆ ಮುಗಿಸಿಕೊಂಡು, ಹಲಗೆ ಹೊಡೆದು ಮುಚ್ಚಿದ ಹಳೇ ಬಾವಿ ದಾಟಿ ನಾವಿಬ್ಬರೇ ಮನೆಗೆ ಬರುತ್ತಿದ್ದೆವು. ಹಲಗೆ ಗಾಳಿಗೆ ಕಿರ್... ಎಂದಿತು. ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ನನ್ನ ತೋಳು ಹಿಡಿದಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು.

ಅಣುಸ್ಥಾವರದ ರಿಯಾಕ್ಟರ್ ಸಿಡಿದ ವರ್ಷ ಅವಳು ಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಒಂದು ಕೋಣೆಯಲ್ಲಿ ನಮ್ಮ ಕಡೆಯ ಇಬ್ಬರು, ಯುಖಿಮ್ ಮತ್ತು ತೋದೋಸ್. ಬೇಲಿಗೆ ಬೇಲಿ ತಗುಲಿದ ಮನೆಯವರು. ಬಾತುಕೋಳಿಗಾಗಿ ವರ್ಷಗಟ್ಟಲೆ ಜಗಳವಾಡಿದವರು. ವಿಕಿರಣ ಇಬ್ಬರ ಮೂಳೆಯೊಳಗಿನ ಮಜ್ಜೆಯನ್ನೂ ಸುಟ್ಟಿತ್ತು. ಮಜ್ಜೆಯನ್ನು ಎಬ್ಬಿಸಲು ಒಂದು ಮದ್ದು, ಅದು ಏಳುವವರೆಗೆ ಸೋಂಕು ತಡೆಯಲು ಇನ್ನೊಂದು. ಎರಡನ್ನೂ ಕೂಡಿಸಿಯೇ ಕೊಡಬೇಕು, ಒಂದರಿಂದ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರಮ್ಮ. ಅಷ್ಟು ಮಾಡಿದರೂ ಹೊರಗಿನ ಗಾಳಿ ಸೋಕಿದರೆ ಮುಗಿಯಿತು. ಹಾಗಾಗಿ ಮಂಚಗಳಿಗೆ ಪ್ಲಾಸ್ಟಿಕ್ ಪರದೆ, ಕಿಟಕಿಯ ಸುತ್ತ ಅಂಟುಪಟ್ಟಿ.

ಯುಖಿಮನಿಗೆ ಮದ್ದು ನಾಟಲಿಲ್ಲ. ಸಂಜೆ ತೀರಿಕೊಂಡ. ದೇಹವನ್ನು ಒಯ್ದರು. ನಮ್ಮಲ್ಲಿ ಉಸಿರು ನಿಂತ ಕೂಡಲೇ ಕಿಟಕಿ ತೆರೆಯಬೇಕು. ಇಲ್ಲದಿದ್ದರೆ ಜೀವಕ್ಕೆ ಹೊರಹೋಗುವ ದಾರಿಯಿಲ್ಲ. ಆದರೆ ತೆರೆಯುವುದು ಹೇಗೆ? ತೋದೋಸನ ರಕ್ತ ಆಗತಾನೇ ಚಿಗುರುತ್ತಿತ್ತು.

ಆ ರಾತ್ರಿ... ಟಕ್. ಉಗುರಿನಿಂದ ಗಾಜು ತಟ್ಟಿದ ಸದ್ದು. ಟಕ್... ಟಕ್. ಒಳಗಿನಿಂದ.

"ಓದಾರ್ಕಾ... ಉಸಿರು ಕಟ್ತಿದೆ. ತೆಗಿಯೇ ತಾಯಿ."

ಅವಳು ಗೋಡೆಗೆ ಅಂಟಿ ನಿಂತಳು. ಪರದೆಯೊಳಗೆ ತೋದೋಸ್ ಗೊಣಗಿದ. "ಸತ್ತ ಮೇಲೂ ನಿದ್ದೆ ಮಾಡೋಕೆ ಬಿಡಲ್ಲ ನೋಡು, ಈ ಯುಖಿಮ."

"ನಿಮಗೂ ಕೇಳಿಸ್ತಾ, ಮಾಮ?"

"ಬೇಲಿಯಾಚೆಯಿಂದ ದಿನಾ ಬೈತಿದ್ದ ದನಿ. ಗುರುತು ಸಿಗಲ್ವಾ?" ಪರದೆಯೊಳಗಿಂದಲೇ ಕಿಟಕಿಯತ್ತ ಕೈ ತೋರಿಸಿದ. "ತೆಗೆದುಬಿಡು ಮಗಳೇ."

"ತೆಗೆದ್ರೆ ನೀವು ಉಳಿಯಲ್ಲ."

"ತೆಗೀದಿದ್ರೆ ಅವನು ಇಲ್ಲೇ. ನಾನು ಯಾವ ಮುಖ ಹೊತ್ಕೊಂಡು ಊರಿಗೆ ಹೋಗ್ಲಿ? ಅವನ ಹೆಂಡ್ತಿ ಬೇಲಿ ಹತ್ರ ನಿಂತು ಕೇಳ್ತಾಳೆ."

ಟಕ್... ಟಕ್... ಟಕ್.

ಪ್ರಭುವೇ ಕರುಣಿಸು ಎಂದುಕೊಂಡು ಅವಳು ಪಟ್ಟಿಯ ತುದಿ ಎಬ್ಬಿಸಿದಳು. ಚರ್ರ್... ಒಂದು ಗೇಣು. ಆಗ ಅವಳ ಕೈಮೇಲೆ ಮತ್ತೊಂದು ಕೈ ಬಿತ್ತು. ತಣ್ಣಗೆ. ಪಟ್ಟಿಯನ್ನು ಅವಳ ಬೆರಳಿಂದ ಬಿಡಿಸಿಕೊಂಡು ಹಿಂದಕ್ಕೆ ಒತ್ತಿತು. ನಿಧಾನವಾಗಿ ಸವರಿತು.

"ಬೇಡ ಬಿಡು," ಎಂದಿತು ದನಿ. "ಆ ಮುದುಕ ಮೊದಲು ಮನೆಗೆ ಹೋಗ್ಲಿ."

ಆಮೇಲೆ ಸದ್ದಿಲ್ಲ. ತೋದೋಸ್ ಆಚೆ ಮಗ್ಗುಲಾಗಿ ಅಳುತ್ತಿದ್ದ, ಅಷ್ಟೇ.

ಎರಡೂ ಮದ್ದು ಕೂಡಿ ಕೆಲಸ ಮಾಡಿದವು. ಸೇಬು ಹಣ್ಣಾಗುವ ಹೊತ್ತಿಗೆ ತೋದೋಸ್ ತನ್ನ ಕಾಲ ಮೇಲೆಯೇ ನಡೆದು ಹೊರಟ. ಅವನು ಹೊಸ್ತಿಲು ದಾಟಿದ ಮೇಲೆ ಓದಾರ್ಕಾ ಪಟ್ಟಿ ಕಿತ್ತು ಕಿಟಕಿ ತೆರೆದಳು. ಪಟ್ಟಿಯ ಅಂಟಿನ ಮೇಲೆ ಅಗಲವಾದ ಹೆಬ್ಬೆರಳ ಗುರುತು, ಗೆರೆಗೆರೆಯಾಗಿ. ಆ ಕೋಣೆಯಲ್ಲಿ ಕೈಗವಸಿಲ್ಲದೆ ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ.

ಓದಾರ್ಕಾ ಎತ್ತಿಟ್ಟುಕೊಂಡ ಆ ಪಟ್ಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ದೇವರಾಣೆಗೂ ನಡೆದದ್ದು. ನೀವೂ ಇದನ್ನು ಯಾರಿಗಾದರೂ ಹೇಳಿ. ಹೇಳುವಾಗ ಯುಖಿಮನ ಹೆಸರು ಬಿಡಬೇಡಿ.